ಏನೂ ಇಲ್ಲವೆಂದು ಬರೆದ ಒಂದು ನಿಮಿಷ

ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಹೊಟ್ಟೆಕಿಚ್ಚಿನವರು ಯಾರೆಂದು ಮೊದಲೇ ಗೊತ್ತಾಗಿಬಿಡುತ್ತಿತ್ತು. ದೊಡ್ಡ ರಾಣಿ. ಚಿಕ್ಕ ರಾಣಿ ಹೆತ್ತ ಕೂಸನ್ನು ಎತ್ತಿ ಎಲ್ಲೋ ಬಚ್ಚಿಟ್ಟು, ತೊಟ್ಟಿಲಲ್ಲಿ ಕಲ್ಲುಗುಂಡು ಮಲಗಿಸಿ, ಕತ್ತಿನವರೆಗೂ ಬೆಚ್ಚಗೆ ಹೊದಿಸಿ, "ಬನ್ನಿ, ನಿಮ್ಮ ಮುದ್ದಿನ ರಾಣಿ ಹೆತ್ತದ್ದನ್ನು ನೋಡಿ" ಎಂದು ಅರಮನೆಯನ್ನೇ ಕೂಗಿ ಕರೆಯುವವಳು. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳುವಾಗ ನಾನು ಯಾವಾಗಲೂ ಚಿಕ್ಕ ರಾಣಿಯೇ. ಒಮ್ಮೊಮ್ಮೆ ಕೂಸು. ದೊಡ್ಡ ರಾಣಿಯ ಪಾತ್ರ ನನಗೆ ಬಂದೀತೆಂದು, ಅದೂ ಬೇಸಿಗೆ ರಜೆಯಲ್ಲಿ, ಕನ್ನಡಕದಂಗಡಿಯ ಮೇಲಿನ ಮಹಡಿಯಲ್ಲಿ, ಎರಡು ತಿಂಗಳ ಇಂಟರ್ನ್‌ಶಿಪ್‌ನ ಕೊನೆಯ ವಾರದಲ್ಲಿ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಆ ಮಹಡಿಯಲ್ಲಿದ್ದದ್ದು ಒಂದು ಪುಟ್ಟ ವಿಡಿಯೋ ಸ್ಟುಡಿಯೋ. ಸಿನಿಮಾ ಗಿನಿಮಾ ಏನಿಲ್ಲ. ಶಾಲೆಯವರಿಗೊಂದು, ಈಜುಕೊಳದವರಿಗೊಂದು, ಬಾಗಿಲು ಕಿಟಕಿ ಮಾಡುವ ಕಾರ್ಖಾನೆಯವರಿಗೊಂದು, ಹೀಗೆ ನಾಲ್ಕೈದು ನಿಮಿಷದ ಚಿತ್ರ ಮಾಡಿಕೊಡುವ ಜಾಗ. ಮುಂದಿನ ಕೋಣೆಯಲ್ಲಿ ಮೇಡಂ. ಸ್ಟುಡಿಯೋದ ಯಜಮಾನಿಯೂ ಅವರೇ, ನಿರ್ದೇಶಕಿಯೂ ಅವರೇ, ಬೆಳಗಿನ ಹೊತ್ತು ಕಸ ಗುಡಿಸುವವರೂ ಅವರೇ. ನಡುವಿನ ಕೋಣೆಯಲ್ಲಿ ದೀಪ, ಸ್ಟ್ಯಾಂಡು, ವಯರುಗಳ ರಾಶಿ. ಹಿಂದಿನದು ಎಡಿಟಿಂಗ್ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ಎರಡು ಪರದೆ, ಅವುಗಳ ಮುಂದೆ ಕತ್ತರಿ ಅಣ್ಣ. ಫಿಲಂ ಅನ್ನು ಕತ್ತರಿ ಹಿಡಿದು ಕತ್ತರಿಸುವ ಕಾಲ ಹೋಗಿ ಎಷ್ಟೋ ವರ್ಷವಾದರೂ ನಮ್ಮ ಎಡಿಟರ್‌ಗೆ ಆ ಹೆಸರು ಅಂಟಿಕೊಂಡೇ ಇತ್ತು. ಮಾತಿನಲ್ಲಂತೂ ಕತ್ತರಿ ಇತ್ತು.

ಇಂಟರ್ನ್‌ಗಳು ಇಬ್ಬರು. ನಾನು, ಮತ್ತು ಅವಳು.

ಮೊದಲ ದಿನ ಮೇಡಂ ನಮ್ಮಿಬ್ಬರಿಗೂ ಒಂದೊಂದು ಟ್ರೈಪಾಡ್ ಕೊಟ್ಟು ನಿಲ್ಲಿಸಿ ಎಂದರು. ಅವಳು ಮೂರು ಕಾಲನ್ನೂ ಒಂದೇ ಏಟಿಗೆ ಬಿಡಿಸಿ, ಬಿಗಿದು, ಮಟ್ಟ ನೋಡಿ, ಕೈ ಕೊಡವಿಕೊಂಡು ನಿಂತಳು. ನನ್ನ ಟ್ರೈಪಾಡಿನ ಮಡಿಕೆಯಲ್ಲಿ ನನ್ನದೇ ಹೆಬ್ಬೆರಳು ಸಿಕ್ಕಿಕೊಂಡಿತ್ತು. ಬಿಡಿಸಿದವಳೂ ಅವಳೇ. "ಹಾಗೆ ಎಳೀಬೇಡ ಕಣೇ, ಬೆರಳು ನಿಂದು, ಸ್ಟುಡಿಯೋದ್ದಲ್ಲ" ಎಂದು ನಕ್ಕಳು. ಕತ್ತರಿ ಅಣ್ಣ ಅವತ್ತೇ ಅವಳಿಗೆ ಪಾದರಸ ಎಂದು ಹೆಸರಿಟ್ಟರು. ನನಗೆ ಹೆಸರು ಬಂದದ್ದು ಎರಡನೇ ವಾರ, ಈಜುಕೊಳದ ಚಿತ್ರೀಕರಣಕ್ಕೆ ಹೋದಾಗ, ನೀರಿನೊಳಗೆ ಊರು ಕಟ್ಟಿಕೊಂಡಿದ್ದ ರಾಜನ ಕಥೆಯನ್ನು ಕಾವಲುಗಾರನಿಗೆ ಹೇಳುತ್ತ ನಿಂತು ಬ್ಯಾಟರಿ ತರುವುದನ್ನೇ ಮರೆತಾಗ. "ನಮ್ಮ ಅಡಗೂಲಜ್ಜಿ ಬಂದ್ಲು" ಎಂದರು ಅಣ್ಣ. ಪಾದರಸ ಎಂದು ಕರೆಯುವಾಗ ಅವರ ದನಿಯಲ್ಲಿ ಹೆಮ್ಮೆಯಿರುತ್ತಿತ್ತು. ಅಡಗೂಲಜ್ಜಿ ಎನ್ನುವಾಗ ಆಕಳಿಕೆ.

ಅವಳ ಮೇಲೆ ಹೊಟ್ಟೆಕಿಚ್ಚು ಪಡದೆ ಇರುವುದಕ್ಕೆ ನನಗೊಂದು ಕಾರಣವೂ ಸಿಗಲಿಲ್ಲ. ಕೀಬೋರ್ಡ್ ನೋಡದೆ ಕತ್ತರಿಸುತ್ತಿದ್ದಳು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಮೌಸು. ವಯರು ಸುತ್ತಿದರೆ ಅಂಗಡಿಯಿಂದ ಈಗ ತಂದಂತೆ ಇರುತ್ತಿತ್ತು. ನಾನು ಸುತ್ತಿದ್ದು ಹಕ್ಕಿ ಗೂಡು. ಕೂದಲು ಕೂಡ ಅವಳ ಮಾತು ಕೇಳುತ್ತಿತ್ತು. ಅದೆಲ್ಲ ಹೋಗಲಿ ಎಂದರೆ, ಆ ಹುಡುಗಿಗೆ ಸಣ್ಣತನವೇ ಇರಲಿಲ್ಲ. ಬೈದುಕೊಳ್ಳಲು ಒಂದು ಹಿಡಿ ಸಿಗದ ಮನುಷ್ಯರ ಜೊತೆ ಎರಡು ತಿಂಗಳು ಒಂದೇ ಮೇಜಿನಲ್ಲಿ ಕೂತು ನೋಡಿ, ಆಗ ನನ್ನ ಕಷ್ಟ ಗೊತ್ತಾಗುತ್ತದೆ.

ನನಗೆ ಅಲ್ಲಿ ಬರುತ್ತಿದ್ದ ಕೆಲಸ ಒಂದೇ: ಲಾಗ್ ಬರೆಯುವುದು. ಚಿತ್ರೀಕರಿಸಿ ತಂದ ಗಂಟೆಗಟ್ಟಲೆ ಫೂಟೇಜನ್ನು ಹೆಡ್‌ಫೋನ್ ಹಾಕಿಕೊಂಡು ಕೂತು ನೋಡಿ, ಯಾವ ನಿಮಿಷದ ಯಾವ ಸೆಕೆಂಡಿನಲ್ಲಿ ಯಾರು ಏನು ಹೇಳಿದರು, ಏನು ಕಂಡಿತು ಎಂದು ಸಾಲಾಗಿ ಬರೆಯಬೇಕು. ಚೆನ್ನಾಗಿರುವುದಕ್ಕೆ ಚುಕ್ಕಿ ಕೊಡಬೇಕು. ಎಡಿಟ್ ಮಾಡುವವರು ಆ ಹಾಳೆಯನ್ನು ನೋಡಿಯೇ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ. ನನ್ನ ಲಾಗ್‌ನಲ್ಲಿ "ನಗುತ್ತಾರೆ, ಬಾಯಿ ಮಾತ್ರ" ಎಂದೋ, "ಇಲ್ಲಿ ಸುಳ್ಳು ಹೇಳುತ್ತಿರಬಹುದು, ಕಿವಿ ಮುಟ್ಟಿಕೊಂಡರು" ಎಂದೋ ಇರುತ್ತಿತ್ತು.

"ಇದೇನಮ್ಮ, ಲಾಗೋ ಕಾದಂಬರಿಯೋ?" ಎಂದು ಕತ್ತರಿ ಅಣ್ಣ ಗೊಣಗುತ್ತಿದ್ದರು. ಗೊಣಗಿದರೂ ಅದನ್ನೇ ನೆಚ್ಚಿ ಕತ್ತರಿಸುತ್ತಿದ್ದರು. ಲಾಗ್‌ನಲ್ಲಿ ಇಲ್ಲದ್ದನ್ನು ಅವರು ಹುಡುಕಲು ಹೋಗುತ್ತಿರಲಿಲ್ಲ. "ಹಾಳೆ ಮೇಲೆ ಇಲ್ಲ ಅಂದ್ರೆ ನನ್ನ ಪಾಲಿಗೆ ಅದು ನಡೆದೇ ಇಲ್ಲ" ಎನ್ನುವುದು ಆ ಕೋಣೆಯ ಕಾನೂನು.

ಕೊನೆಯ ವಾರದ ಆರಂಭಕ್ಕೆ ಮೇಡಂ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಅಣ್ಣನಿಗೆ ಸಹಾಯಕರು ಬೇಕು, ಒಂದು ಕುರ್ಚಿ ಇದೆ, ಕೊನೆಯ ಚಿತ್ರವನ್ನು ಇಬ್ಬರೂ ಬೇರೆ ಬೇರೆಯಾಗಿ ಎಡಿಟ್ ಮಾಡಿ, ಯಾರದ್ದು ಚೆನ್ನಾಗಿದೆಯೋ ಅವರು ಉಳಿಯಲಿ.

ನಾನು ಉಳಿಯಬೇಕಿತ್ತು. ಉಳಿಯದಿದ್ದರೆ ಚಿಕ್ಕಪ್ಪನ ಇನ್ಶೂರೆನ್ಸ್ ಕಚೇರಿ ಬಾಯಿ ತೆರೆದು ಕಾಯುತ್ತಿತ್ತು. ಅಮ್ಮ ಆಗಲೇ ಅವನಿಗೆ ಮಾತು ಕೊಟ್ಟಾಗಿತ್ತು. "ಬೇಸಿಗೆ ಮುಗಿಯೋವರೆಗೂ ಆಟ ಆಡ್ಕೊಳ್ಲಿ ಬಿಡು" ಎಂದು ಫೋನಿನಲ್ಲಿ ಹೇಳುವುದನ್ನು ನಾನೇ ಕೇಳಿದ್ದೆ.

ಕೊನೆಯ ಚಿತ್ರ ಒಂದು ಆಸ್ಪತ್ರೆಯದು. ಅಲ್ಲಿಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗ. ಅದರ ಮೇಲ್ವಿಚಾರಕಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾಗುತ್ತಿದ್ದರು. ಎಲ್ಲರಿಗೂ ಅವರು ದೊಡ್ಡಕ್ಕ. ಬೀಳ್ಕೊಡುಗೆಯ ದಿನ ತೋರಿಸಲು ನಾಲ್ಕು ನಿಮಿಷದ ಚಿತ್ರ ಬೇಕಿತ್ತು. ಆಳೆತ್ತರದ ಯಂತ್ರಗಳು ಹೊಟ್ಟೆ ತುಂಬ ಹಾಸುಬಟ್ಟೆ ತುಂಬಿಕೊಂಡು ಹಗಲೂ ರಾತ್ರಿ ನಿಲ್ಲದೆ ಗುಡುಗುತ್ತಿದ್ದವು. ಆ ಸದ್ದಿನಲ್ಲಿ ಮಾತು ಹಿಡಿಯುವುದು ಸಾಧ್ಯವೇ ಇರಲಿಲ್ಲ. ಊಟದ ಹೊತ್ತಿನಲ್ಲಿ ಎಲ್ಲ ಯಂತ್ರಗಳನ್ನೂ ನಿಲ್ಲಿಸಲು ಮೇಡಂ ಒಪ್ಪಿಗೆ ತಂದರು. ಮಡಿಸಿದ ಹಾಸುಬಟ್ಟೆಗಳ ಮೇಜಿನ ಪಕ್ಕ ದೊಡ್ಡಕ್ಕನನ್ನು ಕೂರಿಸಿದೆವು.

ಅವರೋ, ಯಾರೋ ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. "ಆಡಳಿತ ಮಂಡಳಿಗೆ ನನ್ನ ಹೃತ್ಪೂರ್ವಕ ವಂದನೆಗಳು."

"ಅದಿರಲಿ ದೊಡ್ಡಕ್ಕ, ಬಿಟ್ಟು ಹೋಗೋಕೆ ನಿಮಗೆ ಏನನ್ಸುತ್ತೆ?" ಎಂದು ಮೇಡಂ.

"ಏನನ್ಸುತ್ತೆ? ಒಳ್ಳೇದೇ ಅನ್ಸುತ್ತೆ."

"ಬೇಜಾರು?"

"ಬೇಜಾರು ಯಾಕಮ್ಮ, ಮಂಡಿ ನೋವಿದೆ."

ಹೀಗೇ ಅರ್ಧ ಗಂಟೆ. ಮೇಡಂ ಕೈಚೆಲ್ಲಿದರು. ಕೊನೆಯಲ್ಲಿ ಎಂದಿನಂತೆ ರೂಮ್ ಟೋನ್. ಪ್ರತಿ ಕೋಣೆಗೂ ಅದರದೇ ಒಂದು ಮೌನ ಇರುತ್ತದೆ, ಅದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಬೇಕು. ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಬೇಕಾಗುತ್ತದೆ. ನಮ್ಮಲ್ಲಿ ಧ್ವನಿಗೆ ಬೇರೆ ಯಂತ್ರವಿರಲಿಲ್ಲ, ಎಲ್ಲ ಕ್ಯಾಮೆರಾದಲ್ಲೇ ಹೋಗುತ್ತಿತ್ತು. ಹಾಗಾಗಿ ಆ ಒಂದು ನಿಮಿಷ ಕ್ಯಾಮೆರಾ ಓಡುತ್ತಲೇ ಇರುತ್ತದೆ, ಚಿತ್ರವನ್ನು ಯಾರೂ ನೋಡುವುದಿಲ್ಲ. "ಯಾರೂ ಅಲ್ಲಾಡಬೇಡಿ" ಎಂದರು ಮೇಡಂ. ನಾನು ನೆಲ ನೋಡುತ್ತ ನಿಂತೆ. ಪಾದರಸ ಗೋಡೆಯ ಗಡಿಯಾರ ನೋಡುತ್ತಿದ್ದಳು. ನಿಮಿಷ ಮುಗಿಯಿತು, ಸಾಮಾನು ಗಂಟು ಕಟ್ಟಿದೆವು.

ಮರುದಿನ ಲಾಗ್ ಬರೆಯಲು ಕೂತೆ. ಒಟ್ಟು ಆರು ಗಂಟೆಯ ಫೂಟೇಜು. ನಾವಿಬ್ಬರೂ ಎಡಿಟ್ ಮಾಡಬೇಕಾದದ್ದು ನನ್ನ ಅದೇ ಹಾಳೆಯಿಂದ. ಮಧ್ಯಾಹ್ನ ಮೂರರ ಹೊತ್ತಿಗೆ ಆ ರೂಮ್ ಟೋನ್ ಬಂತು. ಸಾಮಾನ್ಯವಾಗಿ ನೋಡದೆ ಮುಂದಕ್ಕೆ ಓಡಿಸಿಬಿಡುತ್ತೇವೆ. ನಾನು ಏನೋ ಯೋಚಿಸುತ್ತ ಓಡಿಸುವುದನ್ನು ಮರೆತೆ.

ಪರದೆಯಲ್ಲಿ ದೊಡ್ಡಕ್ಕ ಹೇಳಿದಂತೆ ಅಲ್ಲಾಡದೆ ಕೂತಿದ್ದರು. ಮೊದಲು ಅವರ ಕೈ ಮಾತ್ರ, ಅವರಿಗೇ ಗೊತ್ತಿಲ್ಲದೆ, ಪಕ್ಕದ ಹಾಸುಬಟ್ಟೆಯ ಸುಕ್ಕನ್ನು ಸವರತೊಡಗಿತು. ಆಮೇಲೆ ಕೈ ನಿಂತಿತು. ಅವರು ನಿಧಾನವಾಗಿ ತಲೆಯೆತ್ತಿ ಯಂತ್ರಗಳ ಕಡೆ ನೋಡಿದರು. ಒಂದೊಂದನ್ನೇ. ಬಾಯಿ ಸ್ವಲ್ಪ ತೆರೆಯಿತು. ತಮ್ಮದೇ ಮನೆಗೆ ಬಂದು, ಒಳಗೆ ಯಾರೂ ಇಲ್ಲವೇನೋ ಎಂದು ಬಾಗಿಲಲ್ಲೇ ನಿಂತವರ ಮುಖವಾಗಿತ್ತು ಅದು. ಅರ್ಧ ಗಂಟೆ ಕೇಳಿದರೂ ಬಾರದ ಉತ್ತರ ಆ ಒಂದು ನಿಮಿಷದಲ್ಲಿ ಬಂದು ಕೂತಿತ್ತು.

ನನ್ನ ಮೈ ಜುಮ್ಮೆಂದಿತು. ಐದು ಚುಕ್ಕಿ ಕೊಡಬೇಕಾದ ನಿಮಿಷ. ಬೆರಳು ಕೀಲಿಯ ಮೇಲೆ ಇಟ್ಟೂ ಆಗಿತ್ತು. ಅಷ್ಟರಲ್ಲಿ ಹೊರಗಿನಿಂದ ಕತ್ತರಿ ಅಣ್ಣ ಜೋರಾಗಿ ನಗುವುದು ಕೇಳಿಸಿತು. ಪಾದರಸ ಏನೋ ಹೇಳಿರಬೇಕು. "ನೀನಿಲ್ಲದೆ ಇನ್ಮೇಲೆ ನನ್ನ ಕೈಕಾಲೇ ಆಡಲ್ಲ ಕಣಮ್ಮ" ಎಂದರು ಅಣ್ಣ.

ಇನ್ಮೇಲೆ. ಅಂದರೆ ತೀರ್ಮಾನ ಆಗಿಹೋಗಿದೆಯೇ?

ಈ ನಿಮಿಷವನ್ನು ಹಾಳೆಯ ಮೇಲೆ ಬರೆದರೆ ಅವಳು ಎತ್ತಿಕೊಳ್ಳುತ್ತಾಳೆ; ನನಗಿಂತ ಬೇಗ, ನನಗಿಂತ ಚೆಂದ. ನೋಡಿದವಳು ನಾನು, ಹೆಸರು ಅವಳದ್ದು. ನಾನು ಬರೆದೆ: "ರೂಮ್ ಟೋನ್. ಒಂದು ನಿಮಿಷ. ಏನೂ ಇಲ್ಲ."

ಕೂಸನ್ನು ಬಚ್ಚಿಟ್ಟು ಕಲ್ಲುಗುಂಡಿಗೆ ಹೊದಿಕೆ ಹೊದಿಸುವಾಗ ದೊಡ್ಡ ರಾಣಿಯ ಕೈ ನಡುಗಿತೇ ಎಂದು ಅಜ್ಜಿ ಯಾವತ್ತೂ ಹೇಳಿರಲಿಲ್ಲ. ನನ್ನ ಕೈ ನಡುಗಲಿಲ್ಲ. ಹಾಳೆಯನ್ನು ಪಾದರಸಳಿಗೆ ಕಳಿಸಿದಾಗ ಅವಳು ಬಾಗಿಲಲ್ಲಿ ತಲೆ ಹಾಕಿ, "ನೀನಿದ್ದೀಯಂತ ಬದುಕಿದೆ ಕಣೇ. ಆರು ಗಂಟೆ ನಾನು ನೋಡಿದ್ರೆ ಸತ್ತೇ ಹೋಗ್ತಿದ್ದೆ" ಎಂದು ಹೋದಳು. ಆಗ ಸ್ವಲ್ಪ ನಡುಗಿತು.

ಎರಡು ದಿನ ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ ಎಡಿಟ್ ಮಾಡಿದೆವು. ಶುಕ್ರವಾರ ಬೆಳಿಗ್ಗೆ ಮೇಡಂ, ಅಣ್ಣ, ನಾವಿಬ್ಬರು ಪರದೆಯ ಮುಂದೆ ಕೂತೆವು.

ಮೊದಲು ಅವಳದ್ದು. ಹಬೆ, ಚಕ್ರ, ಬಿಳಿ ಬಟ್ಟೆಯ ಅಲೆ, ದೊಡ್ಡಕ್ಕನ ಓಡಾಟ. ಎಲ್ಲ ಯಂತ್ರದ ತಾಳಕ್ಕೇ ಕತ್ತರಿಸಿದ್ದಳು. ಒಂದು ಕಡೆಯೂ ಎಡವುವಂತಿರಲಿಲ್ಲ. "ನೀಟಾಗಿದೆ" ಎಂದರು ಅಣ್ಣ. ಅವರ ಬಾಯಲ್ಲಿ ನೀಟು ಎಂದರೆ ಬಿರುದು ಕೊಟ್ಟಂತೆ.

ಆಮೇಲೆ ನನ್ನದು. ಮೊದಲ ಮೂರು ನಿಮಿಷ ಕುಂಟುತ್ತ ಸಾಗಿತು; ನನಗೇ ಗೊತ್ತಿತ್ತು. ಆಮೇಲೆ ಆ ನಿಮಿಷ ಬಂತು. ಅದರ ಕೆಳಗೆ ನಾನು ಪಿಟೀಲಿನ ಸಂಗೀತ ಇಟ್ಟಿದ್ದೆ. ದೊಡ್ಡಕ್ಕ ತಲೆಯೆತ್ತಿದರು. ಚಿತ್ರ ಮುಗಿಯಿತು. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು.

"ಇದು ಎಲ್ಲಿತ್ತು?" ಎಂದರು ಕತ್ತರಿ ಅಣ್ಣ.

"ಕೊನೇ ಕ್ಲಿಪ್ಪಲ್ಲಿ ಅಣ್ಣ."

ಅವರು ಲಾಗ್ ತೆರೆದರು. ಬೆರಳಿಟ್ಟು ಕೆಳಗಿನವರೆಗೂ ಬಂದು ಓದಿದರು. "ರೂಮ್ ಟೋನ್. ಒಂದು ನಿಮಿಷ. ಏನೂ ಇಲ್ಲ." ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದರು. "ಯಾರೋ ಕಿವಿ ಮುಟ್ಟಿಕೊಂಡದ್ದನ್ನೂ ಬರೆಯೋಳು ನೀನು. ಇದು ಕಾಣಲಿಲ್ವಾ?"

ಉತ್ತರ ಕೊಟ್ಟವಳು ಪಾದರಸ. "ಅಯ್ಯೋ ಅಣ್ಣ, ರೂಮ್ ಟೋನನ್ನ ಯಾರು ನೋಡ್ತಾರೆ? ಎಲ್ಲರೂ ಹಾಗೇ ಬರೆಯೋದು. ಆಮೇಲೆ ಎಡಿಟ್ ಮಾಡೋವಾಗ ಇವಳ ಕಣ್ಣಿಗೆ ಬಿದ್ದಿದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಇವಳದ್ದೇ ಚೆನ್ನಾಗಿದೆ. ಕುರ್ಚಿ ಇವಳಿಗೇ ಕೊಡಿ."

ಮೇಡಂ ಅವಳ ಬೆನ್ನು ಸವರಿದರು. "ಎಂಥ ದೊಡ್ಡ ಮನಸ್ಸಮ್ಮ ನಿಂದು!"

ಅಣ್ಣನ ಮುಖವೂ ಸಡಿಲವಾಯಿತು. ಇನ್ನು ನಾನು ಸುಮ್ಮನಿದ್ದರೆ ಸಾಕಿತ್ತು. ಕುರ್ಚಿ ನನ್ನದು, ಚಿಕ್ಕಪ್ಪನಿಗೆ ನಮಸ್ಕಾರ.

ಆದರೆ ಮೇಡಂ ಕೈ ಇನ್ನೂ ಅವಳ ಬೆನ್ನ ಮೇಲೇ ಇತ್ತು. ಅಣ್ಣ ಅವಳನ್ನು ನೋಡುತ್ತಿದ್ದ ನೋಟದಲ್ಲಿ ಹೆಮ್ಮೆ ಇಮ್ಮಡಿಯಾಗಿತ್ತು. ಗೆದ್ದವಳು ನಾನು, ಎಲ್ಲರೂ ನೋಡುತ್ತಿದ್ದದ್ದು ಅವಳನ್ನು. ಕೈಚಳಕ ಅವಳದ್ದು, ಕೂದಲು ಅವಳದ್ದು, ಈಗ ಒಳ್ಳೆಯವಳು ಎನ್ನುವ ಹೆಸರೂ ಅವಳದ್ದೇ! ಅದೊಂದನ್ನು ನನ್ನಿಂದ ಸಹಿಸಲಾಗಲಿಲ್ಲ. ನ್ಯಾಯಕ್ಕಾಗಿ ಬಾಯಿಬಿಟ್ಟೆ ಎಂದು ಹೇಳಿಕೊಳ್ಳಲು ನನಗೂ ಆಸೆ. ನಿಜ ಇದು: ಹೊಟ್ಟೆಕಿಚ್ಚಿಗೇ ಬಾಯಿಬಿಟ್ಟೆ.

"ನಾನು ಮೊದಲೇ ನೋಡಿದ್ದೆ" ಎಂದೆ. "ಲಾಗ್ ಬರೆಯುವಾಗಲೇ. ಇವಳಿಗೆ ಸಿಗಬಾರದು ಅಂತಲೇ 'ಏನೂ ಇಲ್ಲ' ಅಂತ ಬರೆದೆ."

ಪಾದರಸ ನಗುತ್ತಿದ್ದವಳು ಹಾಗೇ ಕೂತುಬಿಟ್ಟಳು. ನಗು ಮುಖದ ಮೇಲೆ ಉಳಿದುಕೊಂಡಿತ್ತು, ಆರಿಸಲು ಮರೆತ ದೀಪದಂತೆ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಒಂದು ಸಾಲು ಸುಳ್ಳು ಅಂದ್ರೆ ಎರಡು ತಿಂಗಳಲ್ಲಿ ನೀನು ಬರೆದದ್ದನ್ನೆಲ್ಲ ನಾನು ಮತ್ತೆ ಕೂತು ನೋಡಬೇಕಮ್ಮ" ಎಂದರು, ಮೆಲ್ಲಗೆ, ಬಹಳ ದಣಿದವರಂತೆ. "ನಿನ್ನ ಹಾಳೆ ಒಂದನ್ನೇ ನಾನು ಕಣ್ಣು ಮುಚ್ಚಿ ನಂಬ್ತಿದ್ದೆ." ಇದನ್ನು ಅವರು ಹಿಂದೆ ಯಾವತ್ತೂ ಹೇಳಿರಲಿಲ್ಲ. ಆಕಳಿಸುತ್ತಾ ಕರೆಯುತ್ತಿದ್ದವರು ಕಣ್ಣು ಮುಚ್ಚಿ ನಂಬುತ್ತಿದ್ದರೆಂದು ನನಗೆ ಯಾರು ಹೇಳಬೇಕು?

ಮೇಡಂ ಎದ್ದರು. "ಪಾದರಸ, ಆ ನಿಮಿಷ ತಗೊಂಡು ಇನ್ನೊಂದು ಸಲ ಎಡಿಟ್ ಮಾಡು. ಊಟದ ಹೊತ್ತಿಗೆ ನೋಡೋಣ." ನನ್ನ ಕಡೆ ತಿರುಗಿ, "ನೀನೂ ಕೂತ್ಕೋ. ನೋಡು" ಎಂದರು.

ನಾನು ಸ್ಟೂಲಿನ ಮೇಲೆ ಕೂತೆ. ಪಾದರಸ ನನ್ನ ಕಡೆ ನೋಡದೆ ಕೀಲಿಗಳನ್ನು ಕುಟ್ಟುತ್ತಿದ್ದಳು. ಆ ನಿಮಿಷವನ್ನು ಎತ್ತಿ ತನ್ನ ಚಿತ್ರದ ಟೈಮ್‌ಲೈನಿನ ಕೊನೆಗೆ ಇಟ್ಟಳು. ಒಮ್ಮೆ ನೋಡಿದಳು. ಮತ್ತೊಮ್ಮೆ. ಆಮೇಲೆ ನನ್ನ ಎಡಿಟನ್ನು ತೆರೆದು ಅದೇ ಜಾಗ ಹಾಕಿ ನೋಡಿ ಹುಬ್ಬು ಗಂಟಿಕ್ಕಿದಳು.

"ಇಲ್ಲಿ ಪಿಟೀಲು ಯಾಕೆ?"

"ಅಳು ಬರಲಿ ಅಂತ."

"ಆ ಯಮ್ಮ ಏನೋ ಕೇಳಿಸ್ಕೊತಿದಾರೆ ನೋಡೇ. ಮಧ್ಯ ನೀನು ಪಿಟೀಲು ಕುಯ್ತಾ ಕೂತ್ರೆ ಅವರಿಗೆ ಹೇಗೆ ಕೇಳ್ಬೇಕು?"

ಅವಳು ಯಾವ ಸಂಗೀತವನ್ನೂ ಸೇರಿಸಲಿಲ್ಲ. ಅದಕ್ಕೆ ಮೊದಲಿನ ಮೂರು ನಿಮಿಷಗಳಲ್ಲಿ ಯಂತ್ರಗಳ ಗುಡುಗನ್ನು ಇನ್ನಷ್ಟು ಏರಿಸಿದಳು, ಮಾತು ಕೇಳಿಸದಷ್ಟು. ಆಮೇಲೆ ಒಮ್ಮೆಲೇ ನಿಲ್ಲಿಸಿಬಿಟ್ಟಳು. ಖಾಲಿ ಮೌನ. ದೊಡ್ಡಕ್ಕ ತಲೆಯೆತ್ತಿ ಒಂದೊಂದೇ ಯಂತ್ರದ ಕಡೆ ನೋಡಿದರು. ಮೂವತ್ತನಾಲ್ಕು ವರ್ಷದಲ್ಲಿ ಆ ಕೋಣೆ ಸುಮ್ಮನಾದದ್ದನ್ನು ಅವರು ಮೊದಲ ಸಲ ಕೇಳುತ್ತಿದ್ದರು. ನನಗೆ ಅವರ ಮುಖ ಕಂಡಿತ್ತು. ಅವರ ಕಿವಿಗೆ ಏನಾಗುತ್ತಿದೆ ಎಂದು ಕಂಡದ್ದು ಇವಳಿಗೆ.

ಅಳು ಬಂದದ್ದು ದೊಡ್ಡಕ್ಕನಿಗಾಗಿ ಎಷ್ಟು, ನನಗಾಗಿ ಎಷ್ಟು ಎಂದು ಬಿಡಿಸಿ ಹೇಳಲಾರೆ.

ಕುರ್ಚಿ ಅವಳದಾಯಿತು. ಅದನ್ನು ಯಾರೂ ಘೋಷಿಸಬೇಕಾಗಿಯೂ ಇರಲಿಲ್ಲ. ಮೇಡಂ ನನ್ನ ಇಂಟರ್ನ್‌ಶಿಪ್ ಪತ್ರಕ್ಕೆ ಸಹಿ ಹಾಕಿ, "ಕಣ್ಣಿದೆ ನಿನಗೆ. ಕಂಡದ್ದನ್ನ ಬಚ್ಚಿಡೋದು ಕೈಗೆ ಕಲಿಸಬೇಡ" ಎಂದು ಕೊಟ್ಟರು. ಕತ್ತರಿ ಅಣ್ಣ ಪರದೆಯಿಂದ ತಲೆಯೆತ್ತದೆ ಕೈಯೆತ್ತಿದರು.

ಬಸ್ಸು ನಿಲ್ಲುವ ಕಡೆ ಬಿಸಿಲು ನೆತ್ತಿ ಸುಡುತ್ತಿತ್ತು. ಹಿಂದಿನಿಂದ ಚಪ್ಪಲಿ ಸದ್ದು. ಅವಳ ನಡಿಗೆ ನನಗೆ ಕಣ್ಣು ಮುಚ್ಚಿಯೂ ಗೊತ್ತು. ಬಂದು ಪಕ್ಕದಲ್ಲಿ ನಿಂತಳು. ಒಂದು ಬಸ್ಸು ಬಂದು ಹೋಯಿತು, ನಮ್ಮದಲ್ಲ.

"ನಾನು ಎಲ್ಲರ ಮುಂದೆ ನಿನ್ನ ಪರ ಮಾತಾಡಿದೆ" ಎಂದಳು. "ಪೆದ್ದಿ ಥರ."

"ಹೂಂ."

"ಹೂಂ ಅಂತಾಳೆ ನೋಡು! ಮಾಡೋದೆಲ್ಲ ಮಾಡಿ!"

"ಏನನ್ನಲಿ ಮತ್ತೆ?"

"ಅಷ್ಟೊಂದು ಹೊಟ್ಟೆಕಿಚ್ಚಾ ನನ್ನ ಮೇಲೆ?"

"ಮೊದಲ ದಿನದಿಂದ. ಟ್ರೈಪಾಡಿಂದ."

"ಟ್ರೈಪಾಡಾ?" ಅವಳಿಗೆ ಕೋಪದ ನಡುವೆಯೂ ನಗು ಬಂದಿತೇನೋ, ನುಂಗಿಕೊಂಡಳು. ನಾನು ತಡೆಯಲಾರದೆ ಕೇಳಿದೆ:

"ನಿನಗೆ ನನ್ನ ಮೇಲೆ ಒಂದು ಸಲವಾದ್ರೂ?"

ಅವಳು ನಿಜವಾಗಿಯೂ ಯೋಚಿಸಿದಳು. ಎರಡು ತಿಂಗಳನ್ನೂ ಓಡಿಸಿ ನೋಡಿದಳು ಅನ್ನಿಸಿತು. "ಇಲ್ಲಪ್ಪ" ಎಂದಳು. "ಒಂದು ದಿನವೂ ಇಲ್ಲ."

ಕುರ್ಚಿ ಹೋದದ್ದಕ್ಕಿಂತ ಇದು ಹೆಚ್ಚು ಉರಿಯಿತು. ಸುಳ್ಳಿಗಾದರೂ ಹೂಂ ಅನ್ನಬಾರದಿತ್ತೇ? ನಾನು ರಸ್ತೆಯ ಆಚೆ ಬದಿ ನೋಡುತ್ತ ನಿಂತೆ. ಅಂಗಡಿಯವನೊಬ್ಬ ಗಾಜು ಒರೆಸುತ್ತಿದ್ದ. ಅವಳ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು. ಅವಳು ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟಳು, ನಿಂತಳು.

"ಆ ನಿಮಿಷ ನಾನೂ ಅದೇ ರೂಮಲ್ಲಿದ್ದೆ ಕಣೇ" ಎಂದಳು, ನನ್ನನ್ನು ನೋಡದೆ. "ಗಡಿಯಾರ ನೋಡ್ತಿದ್ದೆ. ಆಮೇಲೆ ಆ ಫೂಟೇಜು ನನ್ನ ಕೈಗೇ ಬಂದಿದ್ರೂ ಓಡಿಸಿಬಿಡ್ತಿದ್ದೆ. ಇವತ್ತಿನಿಂದ ಲಾಗ್ ಬರೆಯೋಳು ನಾನೇ. ಇನ್ನೂ ಎಷ್ಟನ್ನ ಹಾಗೆ ಓಡಿಸ್ತೀನೋ ಏನೋ." ಬಸ್ಸು ಬಂದು ನಿಂತಿತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಒಂದು ಸಲ ತಿರುಗಿದಳು. ಮುಖ ಗಂಟು ಹಾಕಿಕೊಂಡೇ ಇತ್ತು. "ಈಗ ಸ್ವಲ್ಪ ಹೊಟ್ಟೆಕಿಚ್ಚು ಆಗ್ತಿದೆ. ಸಾಕಾ?"

ಬಾಗಿಲು ಮುಚ್ಚಿತು. ಸಾಕು ಎಂದು ಹೇಳುವಷ್ಟು ಹೊತ್ತು ಅದು ನಿಲ್ಲಲಿಲ್ಲ.

ನನ್ನ ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು. ನಡೆದೇ ಹೊರಟೆ. ಮನೆಯಲ್ಲಿ ಅಮ್ಮ, ಅವಳ ಫೋನಿನ ಆಚೆ ತುದಿಯಲ್ಲಿ ಚಿಕ್ಕಪ್ಪ, ಸೋಮವಾರದಿಂದ ಫೈಲುಗಳು. ಅವರಿಗೆಲ್ಲ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಳ್ಳುತ್ತ ಹೋದೆ. ಸುಳ್ಳು ಬರೆದದ್ದು ಹೇಳುತ್ತೇನೆ, ಕುರ್ಚಿ ಹೋದದ್ದು ಹೇಳುತ್ತೇನೆ, ಅಜ್ಜಿ ಕೇಳಿದರೆ ಪಿಟೀಲಿನ ವಿಷಯವನ್ನೂ ಹೇಳುತ್ತೇನೆ. ಪಾದರಸಳ ಆ "ಈಗ ಸ್ವಲ್ಪ" ಮಾತ್ರ ಯಾರಿಗೂ ಹೇಳುವುದಿಲ್ಲ. ಎರಡು ತಿಂಗಳಲ್ಲಿ ಅವಳಿಂದ ನನಗೆ ಸಿಕ್ಕಿದ್ದು ಅದೊಂದೇ, ಅದನ್ನು ಬಾಯಲ್ಲಿಟ್ಟು ಚಪ್ಪರಿಸುತ್ತ, ಬಿಸಿಲಲ್ಲಿ, ಸ್ವಲ್ಪ ಜೋರಾಗಿಯೇ ನಡೆದೆ.